ತಾನೇ ಆರಿ ತಾನೇ ಹೊತ್ತಿಕೊಳ್ಳುವ ಯಂತ್ರ

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಗಣಕಯಂತ್ರದ ರೋಗನಿದಾನವನ್ನು ಕುರಿತು ಮಾತನಾಡಹೊರಟರೆ ಕೇಳುವವರಿಗೆ ನಗು ಬರುವುದು ಸಹಜ. ಆಕಾಶವಾಣಿಯ ಮಿತ್ರರು ಈ ಭಾಷಣಕ್ಕೆ ಕರೆದಾಗ, ನಾನು ರಾಘವಾಂಕನನ್ನೋ ಲಕ್ಷ್ಮೀಶನನ್ನೋ ಆರಿಸಿಕೊಳ್ಳುವೆನೆಂದು ಎಣಿಸಿದ್ದಂತೆ ತೋರುತ್ತದೆ. ನನ್ನ ವಿಷಯ ತಿಳಿಸಿದಾಗ ದೂರವಾಣಿಯ ಆಚೆ ತುದಿಯಲ್ಲಿ ಕೊಂಚ ಹೊತ್ತು ಮೌನವಿತ್ತು. ಆಮೇಲೆ, "ಆಗಲಿ ಸಾರ್, ಬಹಳ ಮನೆಗಳಲ್ಲಿ ಇದೇ ತೊಂದರೆ" ಎಂದರು. ಆ ಮಾತು ನಿಜ. ಕೆಲಸದ ನಡುವೆ, ಯಾರೂ ಹೇಳದೆ ಕೇಳದೆ, ತೆರೆ ಒಮ್ಮೆಗೇ ಕಪ್ಪಾಗಿ, ಯಂತ್ರ ತಾನೇ ಆರಿ ತಾನೇ ಹೊತ್ತಿಕೊಂಡು, ಏನೂ ನಡೆಯಲೇ ಇಲ್ಲವೆಂಬ ಮುಖಭಾವದಿಂದ ಮತ್ತೆ ಎದುರಿಗೆ ನಿಲ್ಲುವುದನ್ನು ಕಂಡವರು ನಿಮ್ಮಲ್ಲಿ ಅನೇಕರಿರಬಹುದು. ನಾನು ಕಂಡದ್ದು ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಲ್ಲಿ, ನನ್ನ ಮನೆಯ ಪಡಸಾಲೆಯಲ್ಲಿ.

2019ರಲ್ಲಿ ನಿವೃತ್ತನಾಗಿ ಚಿತ್ರದುರ್ಗದಿಂದ ಊರಿಗೆ ಮರಳಿದಾಗ ಪುಸ್ತಕದ ಪೆಟ್ಟಿಗೆಗಳ ಜೊತೆಗೆ ಒಂದು ಕಂಪ್ಯೂಟರನ್ನೂ ತಂದಿದ್ದೆ. 2016ರಲ್ಲಿ ಕೊಂಡದ್ದು. ದುರ್ಗದಲ್ಲಿ ಇದ್ದಷ್ಟು ಕಾಲ ಅದು ಶಾನುಭೋಗರಂತೆ ತಲೆ ಬಗ್ಗಿಸಿ ಕೆಲಸ ಮಾಡಿತ್ತು. ಗಣಕನೆಂದರೆ ನಮ್ಮ ಹಿಂದಿನವರಲ್ಲಿ ಲೆಕ್ಕ ಬರೆಯುವವನು, ಪಂಚಾಂಗ ಗುಣಿಸುವವನು ಎಂದೇ ಅರ್ಥವಲ್ಲವೆ. ಊರಿಗೆ ಬಂದ ಮೂರು ವರ್ಷಗಳ ಮೇಲೆ ಆ ಶಾನುಭೋಗರಿಗೆ ಮೂರ್ಛೆ ರೋಗ ಅಂಟಿಕೊಂಡಿತು. ಮೊದಲು ವಾರಕ್ಕೊಮ್ಮೆ, ಬಳಿಕ ದಿನಕ್ಕೊಮ್ಮೆ. ಊರಿನ ನೀರು ಒಗ್ಗಲಿಲ್ಲವೆಂದು ಮನೆಯಾಕೆ ಹಾಸ್ಯ ಮಾಡಿದಳು. ಆ ಹಾಸ್ಯದಲ್ಲಿ ಎಷ್ಟು ಸತ್ಯವಿತ್ತೆಂಬುದು ಆಮೇಲೆ ತಿಳಿಯಿತು.

ಆ ಯಂತ್ರದಲ್ಲಿ ನಾನು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹೇಳಬೇಕು. ನಮ್ಮ ಸೀಮೆ ಕರಿ ಕಂಬಳಿಯ ಸೀಮೆ. ಮಳೆ ಕಡಿಮೆ, ಹುಲ್ಲುಗಾವಲು ಹೆಚ್ಚು. ಹುಲ್ಲುಗಾವಲಿದ್ದಲ್ಲಿ ಕುರಿ, ಕುರಿಯಿದ್ದಲ್ಲಿ ಮಗ್ಗ. ಕುರಿಯ ಮೈಯಿಂದ ಉಣ್ಣೆ ಇಳಿದು ಕದಿರು ಏರಿ, ಹಾಸಾಗಿ ಹೊಕ್ಕಾಗಿ, ಹುಣಸೆಬೀಜದ ಗಂಜಿ ಕುಡಿದು, ಕಂಬಳಿಯಾಗುವವರೆಗೆ ಪ್ರತಿಯೊಂದು ಹಂತಕ್ಕೂ ಪ್ರತಿಯೊಂದು ಸಲಕರಣೆಗೂ ನೇಕಾರರ ಬಾಯಲ್ಲಿ ಒಂದು ಮಾತುಂಟು. ಹಾಸು, ಹೊಕ್ಕು, ಲಾಳಿ, ಕಂಡಿಕೆ, ಹಣಿಗೆ ಎಂಬಂಥವು ಎಲ್ಲರೂ ಬಲ್ಲ ಮಾತುಗಳು. 1894ರಲ್ಲಿ ಕಿಟ್ಟೆಲ್ ಸಾಹೇಬರ ಕೋಶ ಬಂದಿತು, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಬಂದಿತು. ಅಂಥ ಮಹಾಕೋಶಗಳ ಜಾಲರಿಯಿಂದಲೂ ಸೋರಿಹೋಗುವ ಸಣ್ಣ ಮಾತುಗಳು ಒಂದೊಂದು ಊರಿನಲ್ಲಿ ಒಂದೊಂದು ಹಿಡಿ ಇರುತ್ತವೆ. ಅಂಥವನ್ನು ಕೂಡಿಸಬೇಕೆಂಬುದು ನನ್ನ ನಿವೃತ್ತಿಯ ಹವ್ಯಾಸ.

ನೇಕಾರರಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜನಿದ್ದ. ಹೆಸರು ಬೇಡ. ಮಗ್ಗದಿಂದ ಎದ್ದು ಹತ್ತು ವರ್ಷವಾಗಿದ್ದರೂ ಬೆರಳುಗಳು ಇನ್ನೂ ಹೊಕ್ಕು ಹಾಯಿಸುತ್ತಲೇ ಇದ್ದವು. 2023ರ ಯುಗಾದಿ ಕಳೆದ ಮೂರನೆಯ ದಿನ ಮಧ್ಯಾಹ್ನ ಅವನನ್ನು ಮನೆಗೆ ಕರೆತಂದು ಕೂರಿಸಿಕೊಂಡೆ. ಕಾಗದದಲ್ಲಿ ಬರೆದುಕೊಂಡು ಆಮೇಲೆ ನಕಲು ಮಾಡುವುದು ಎರಡು ಕೆಲಸ, ಅವನು ಹೇಳುತ್ತಿದ್ದಂತೆಯೇ ನೇರವಾಗಿ ಯಂತ್ರಕ್ಕೆ ಏರಿಸಿಬಿಡೋಣವೆಂದು ನನಗೊಂದು ಹುಮ್ಮಸ್ಸು ಬಂದಿತು. ಹುಮ್ಮಸ್ಸಲ್ಲ, ಜಂಬ. ಕೆ. ಪಿ. ರಾಯರು ಕನ್ನಡಕ್ಕೆ ಹೊಂದಿಸಿಕೊಟ್ಟ ಕೀಲಿಮಣೆ ನನಗೆ ಚೆನ್ನಾಗಿ ಕೈವಶವಾಗಿದೆ. ಅಜ್ಜ ಹೇಳುವ ವೇಗಕ್ಕೆ ನಾನು ಬೆರಳಚ್ಚು ಮಾಡುತ್ತಿರುವುದನ್ನು ಅವನು ಬೆರಗಿನಿಂದ ನೋಡುತ್ತಿದ್ದ; ಆ ಬೆರಗು ನನಗೆ ಹಿತವಾಗಿತ್ತು. ಒಂದೂವರೆ ಗಂಟೆ ಹೀಗೆ ನಡೆಯಿತು. ನಲವತ್ತಮೂರು ಮಾತುಗಳು, ಒಂದೊಂದಕ್ಕೂ ವಿವರಣೆ. ಕಡತಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ, ಉಳಿಸಿಯೂ ಇರಲಿಲ್ಲ. ಹಾಸಿಗೆ ಗಂಜಿ ಬಳಿಯುವ ಕುಂಚದ ಹೆಸರನ್ನು ಅವನು ಹೇಳಿದ; ನಾನು ಒತ್ತಿದೆ; ತೆರೆ ಕಪ್ಪಾಯಿತು.

"ಏನಾತು ಮೇಷ್ಟ್ರೇ, ಕರೆಂಟ್ ಹೋತಾ?" ಎಂದ ಅಜ್ಜ. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಯಂತ್ರ ಮರಳಿ ಎದ್ದಿತು. ನಲವತ್ತಮೂರು ಮಾತುಗಳಲ್ಲಿ ಒಂದೂ ಇರಲಿಲ್ಲ. ಅಜ್ಜ ನನ್ನ ಮುಖ ನೋಡಿ, "ಹೋಗ್ಲಿ ಬಿಡ್ರಿ, ಇನ್ನೊಂದಿನ ಹೇಳ್ತೀನಿ, ನಾನೆಲ್ಲಿ ಹೋಗ್ತೀನಿ" ಎಂದ. ಆ ಬೇಸಗೆಯಲ್ಲಿ ಅವನಿಗೆ ಮೈಗೆ ಸರಿಯಿರಲಿಲ್ಲ, ಶ್ರಾವಣದಲ್ಲಿ ತೀರಿಕೊಂಡ. ನಡುವೆ ಎರಡು ಸಲ ಹೋಗಿದ್ದೆ. ಮಾತನಾಡಿಸುವ ಸ್ಥಿತಿಯಿರಲಿಲ್ಲ.

ಇಷ್ಟು ಹೇಳಿದ ಮೇಲೆ, ಆ ಯಂತ್ರದ ಮೂರ್ಛೆಯ ಮೂಲವನ್ನು ಹುಡುಕಲು ನಾನೇಕೆ ಪಟ್ಟು ಹಿಡಿದೆನೆಂದು ವಿವರಿಸಬೇಕಾದ್ದಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಪಟ್ಟಣದ ಒಂದು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿನ ತರುಣ ಪೆಟ್ಟಿಗೆಯನ್ನು ತೆರೆಯದೆಯೇ, "ವೈರಸ್ ಇರ್ಬೇಕು ಸಾರ್, ಫಾರ್ಮ್ಯಾಟ್ ಮಾಡ್ಬಿಡೋಣ" ಎಂದ. ಹಿಂದೆ ಯಾವ ಜ್ವರಕ್ಕೂ ಭೇದಿಗೆ ಕೊಡುವ ಪಂಡಿತರಿದ್ದರು, ಅಂಥದೇ ಚಿಕಿತ್ಸೆ. ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದ್ದಾಯಿತು. ನನ್ನ ಅಕ್ಷರಶೈಲಿಗಳೂ ಅದರೊಡನೆ ಹೋದವು. ಮನೆಗೆ ತಂದು ಜೋಡಿಸಿದ ಮರುದಿನವೇ ಮೂರ್ಛೆ. ಇನ್ನೂ ಒಂದು ವಿಚಿತ್ರವೆಂದರೆ, ಅಂಗಡಿಯಲ್ಲಿ ಎರಡು ದಿನ ಇಟ್ಟುಕೊಂಡಿದ್ದಾಗ ಅದು ಒಮ್ಮೆಯೂ ಆರಿರಲಿಲ್ಲ. "ಏನೂ ಆಗಿಲ್ವಲ್ಲ ಸಾರ್" ಎಂದು ಆ ತರುಣ ನನ್ನನ್ನೇ ಸಂಶಯದಿಂದ ನೋಡಿದ. ಆ ಒಂದು ಸಂಗತಿಯೇ ಅರ್ಧ ಉತ್ತರ ಹೇಳುತ್ತಿತ್ತು. ಅಂದು ಅವನಿಗೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ.

ನನ್ನ ತಮ್ಮನ ಮೊಮ್ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ದೂರವಾಣಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, "ತಾತ, ನೀವು ಹಸ್ತಪ್ರತಿ ಇಟ್ಕೊಂಡು ಪಾಠಾಂತರ ನೋಡ್ತಿದ್ರಲ್ಲ, ಹಾಗೇ ಮಾಡಿ. ಒಂದೇ ಸಲಕ್ಕೆ ಎಲ್ಲಾ ಬದಲಾಯಿಸ್ಬೇಡಿ. ಒಂದು ಬದಲಾಯಿಸಿ, ಏನಾಗತ್ತೆ ಅಂತ ಬರ್ದಿಡಿ" ಎಂದಳು. ನಾಚಿಕೆಯಾಯಿತು. ತಳುಕಿನ ವೆಂಕಣ್ಣಯ್ಯನವರು ಹುಟ್ಟಿದ ತಾಲ್ಲೂಕಿನವನು ನಾನು. ಮೂವತ್ತು ವರ್ಷ ಗ್ರಂಥಸಂಪಾದನೆಯ ಪಾಠ ಹೇಳಿದವನು. ಲಿಪಿಕಾರನ ತಪ್ಪನ್ನು ತಿದ್ದುವುದಕ್ಕೆ ಮೊದಲು ಆ ತಪ್ಪು ಹೇಗೆ ಹುಟ್ಟಿತೆಂದು ತಿಳಿಯಬೇಕು, ಕಣ್ಣು ಸಾಲು ಹಾರಿತೋ, ಕಿವಿ ತಪ್ಪಿ ಕೇಳಿತೋ, ಮೂಲಪ್ರತಿಯಲ್ಲೇ ಹುಳು ತಿಂದಿತ್ತೋ ಎಂದು ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೆನೋ. ನನ್ನದೇ ಮನೆಯ ವಸ್ತುವಿಗೆ ಬಂದಾಗ ಅದು ಮರೆತುಹೋಗಿತ್ತು.

ಅವಳು ಮಾಡಿಸಿದ ಮೊದಲ ಕೆಲಸ ಚೆನ್ನಾಗಿತ್ತು. ವಿಂಡೋಸ್ ವ್ಯವಸ್ಥೆಯಲ್ಲಿ, ದೊಡ್ಡ ದೋಷವೇನಾದರೂ ಎದುರಾದರೆ ಯಂತ್ರ ತಾನೇ ಮರಳಿ ಆರಂಭವಾಗಲಿ ಎಂಬ ಒಂದು ಕಟ್ಟಳೆಯನ್ನು ಮೊದಲೇ ಇಟ್ಟಿರುತ್ತಾರೆ. ಅದರಿಂದಾಗಿ ದೋಷದ ಹೆಸರು ನೀಲಿ ತೆರೆಯ ಮೇಲೆ ಮೂಡಿದರೂ ಓದುವಷ್ಟರಲ್ಲಿ ಮಾಯವಾಗುತ್ತದೆ. ಸಿಸ್ಟಮ್ ಪ್ರಾಪರ್ಟೀಸ್ ಎಂಬಲ್ಲಿ, ಅಡ್ವಾನ್ಸ್ಡ್ ಎಂಬುದರೊಳಗೆ, ಸ್ಟಾರ್ಟಪ್ ಅಂಡ್ ರಿಕವರಿ ಎಂಬ ಭಾಗಕ್ಕೆ ಹೋಗಿ ಆಟೊಮ್ಯಾಟಿಕಲಿ ರೀಸ್ಟಾರ್ಟ್ ಎಂಬುದರ ಮುಂದಿನ ಗುರುತನ್ನು ತೆಗೆದುಹಾಕಿದರೆ, ತಂತ್ರಾಂಶದ ದೋಷವಿದ್ದಲ್ಲಿ ಆ ನೀಲಿ ತೆರೆ ಅಲ್ಲಿಯೇ ನಿಲ್ಲುತ್ತದೆ. ಹಾಗೆ ಮಾಡಿದೆ. ಮೂರನೆಯ ದಿನ ಯಂತ್ರ ಆರಿತು. ನೀಲಿ ತೆರೆ ಮೂಡಲೇ ಇಲ್ಲ. ನೇರವಾಗಿ ಕತ್ತಲು, ನೇರವಾಗಿ ಮರುಹುಟ್ಟು. ಆಮೇಲೆ ಈವೆಂಟ್ ವ್ಯೂವರ್ ಎಂಬ ದಿನಚರಿಯನ್ನು ತೆರೆಯಿಸಿದಳು. ಯಂತ್ರ ತನ್ನ ಸುಖದುಃಖಗಳನ್ನೆಲ್ಲ ಅಲ್ಲಿ ಬರೆದುಕೊಳ್ಳುತ್ತದೆ. ಅಲ್ಲಿದ್ದದ್ದು ಕರ್ನಲ್ ಪವರ್, 41 ಎಂಬ ಒಂದೇ ಸಾಲು. ಅದರ ತಾತ್ಪರ್ಯ, ವ್ಯವಸ್ಥೆ ಸರಿಯಾಗಿ ಮುಚ್ಚಿಕೊಳ್ಳದೆಯೇ ಮರಳಿ ಆರಂಭವಾಯಿತು, ಎಂದಷ್ಟೆ. ನಾನು ಸತ್ತಿದ್ದೆ ಎಂದು ಎದ್ದ ಮೇಲೆ ಹೇಳಿದಂತೆ. ಏಕೆ ಸತ್ತೆ ಎಂಬುದು ಅದಕ್ಕೆ ತಿಳಿಯದು, ತಿಳಿಯುವಷ್ಟು ಹೊತ್ತು ಅದು ಬದುಕಿರಲಿಲ್ಲ. ಆದರೂ ಈ ಅಜ್ಞಾನದ ಸಾಲೇ ಒಂದು ಸಾಕ್ಷಿ. ತಂತ್ರಾಂಶದಲ್ಲಿ ದೋಷವಿದ್ದಿದ್ದರೆ ಸಾಮಾನ್ಯವಾಗಿ ಅದರ ಸಂಕೇತ ಉಳಿಯುತ್ತಿತ್ತು. ಏನೂ ಉಳಿಯದಿದ್ದರೆ ವಿದ್ಯುತ್ತನ್ನೋ ಬಿಸಿಯನ್ನೋ ಯಂತ್ರದ ಒಡಲನ್ನೋ ಮೊದಲು ಶಂಕಿಸಬೇಕು.

ನಾನು ಒಂದು ಹಳೆಯ ಹಾಜರಿ ಪುಸ್ತಕವನ್ನು ತೆಗೆದುಕೊಂಡು ಗೆರೆ ಹಾಕಿದೆ. ತಾರೀಖು, ಗಂಟೆ, ಯಂತ್ರದಲ್ಲಿ ಏನು ನಡೆಯುತ್ತಿತ್ತು, ಮನೆಯಲ್ಲಿ ಬೇರೆ ಏನು ನಡೆಯುತ್ತಿತ್ತು, ಸೆಕೆ ಹೇಗಿತ್ತು. ಐದು ವಾರಗಳಲ್ಲಿ ಮೂವತ್ತೊಂದು ಮೂರ್ಛೆಗಳು. ಪಟ್ಟಿಯನ್ನು ಹರಡಿಕೊಂಡು ನೋಡಿದರೆ ಅವು ಎರಡು ಗುಂಪಾಗಿ ನಿಂತವು. ಒಂದು ಗುಂಪು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಯಂತ್ರ ಬಹಳ ಹೊತ್ತು ನಡೆದ ಮೇಲೆ. ಇನ್ನೊಂದು ಬೆಳಗಿನ ಹೊತ್ತು, ಯಂತ್ರ ಆಗಷ್ಟೇ ಎದ್ದಿದ್ದರೂ ಸರಿ, ತಣ್ಣಗಿದ್ದರೂ ಸರಿ. ಎರಡು ಬೇರೆ ಬೇರೆ ಪ್ರತಿಗಳ ತಪ್ಪುಗಳು ಒಂದೇ ಓಲೆಯಲ್ಲಿ ಬೆರೆತಿದ್ದರೆ ಸಂಪಾದಕನಿಗೆ ತಲೆ ಕೆಡುವುದು ಇಲ್ಲಿಯೇ. ಒಂದು ಕಾರಣ ಹುಡುಕಿ ಸರಿಪಡಿಸಿದರೂ ರೋಗ ನಿಲ್ಲದಿದ್ದಾಗ, ಹಿಡಿದ ದಾರಿಯೇ ತಪ್ಪೆಂದು ಬಿಟ್ಟುಬಿಡುತ್ತೇವೆ.

ಮಧ್ಯಾಹ್ನದ ಗುಂಪು ಸುಲಭ. ತಂತಿ ಕಳಚಿ, ಒಳಗೆ ಉಳಿದ ವಿದ್ಯುತ್ತು ಹರಿದುಹೋಗಲೆಂದು ಗುಂಡಿಯನ್ನು ಒಂದಷ್ಟು ಹೊತ್ತು ಒತ್ತಿಹಿಡಿದು, ಪಕ್ಕದ ತಗಡನ್ನು ಬಿಚ್ಚಿದೆ. ಕೇಳುಗರೇ, ಅದರೊಳಗೆ ಇನ್ನೊಂದು ಕಂಬಳಿ ತಯಾರಾಗುತ್ತಿತ್ತು! ನಮ್ಮ ಬಯಲಿನ ಗಾಳಿಯನ್ನು ಬಲ್ಲವರಿಗೆ ಆಶ್ಚರ್ಯವಾಗಲಾರದು. ಆಷಾಢದಲ್ಲಿ ಬಾಗಿಲು ಹಾಕಿಕೊಂಡರೂ ಅನ್ನದಲ್ಲಿ ಧೂಳು. ಆ ಕೆಂಧೂಳು, ಪಕ್ಕದ ಕೇರಿಯಿಂದ ತೇಲಿ ಬರುವ ಉಣ್ಣೆಯ ನವಿರು, ಎರಡೂ ಸೇರಿ, ಸಂಸ್ಕಾರಕದ ಮೇಲೆ ಶಾಖ ಹೊರಹಾಕಲು ಇಟ್ಟಿರುವ ಲೋಹದ ಹಲ್ಲುಗಳ ನಡುವೆ ಗಟ್ಟಿ ಹೆಣೆದುಕೊಂಡಿದ್ದವು. ಫ್ಯಾನು ತಿರುಗುತ್ತಿತ್ತು, ಗಾಳಿ ಆಡುತ್ತಿರಲಿಲ್ಲ. ಸಂಸ್ಕಾರಕ ನೂರು ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಬಂದರೆ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗುವ ಮೊದಲು ತಾನೇ ಆರಿಹೋಗುತ್ತದೆ. ಮೂರ್ಛೆ ಹೋಗುವುದೇ ಅದರ ಪ್ರಾಣರಕ್ಷಣೆಯ ಉಪಾಯ. ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಲ್ಲಿ ಹಿಡಿದು, ಒಣ ಕುಂಚದಿಂದ ಧೂಳು ತೆಗೆದೆ. ಸಂಸ್ಕಾರಕಕ್ಕೂ ಲೋಹಕ್ಕೂ ನಡುವೆ ಬಳಿದ ಲೇಪ ಒಣಗಿ ಸುಣ್ಣದಂತಾಗಿತ್ತು. ಅದನ್ನು ಒರೆಸಿ ಹೊಸದು ಬಳಿಯುವ ಕೆಲಸವನ್ನು ಮಾತ್ರ ರಜೆಗೆ ಬಂದ ಹುಡುಗಿ ಮಾಡಿದಳು, ನನ್ನ ಕೈ ನಡುಗುತ್ತದೆ. ಅದೇ ಕೂರುವಿಕೆಯಲ್ಲಿ ನೆನಪಿನ ಪಟ್ಟಿಗಳನ್ನೂ ಕಿತ್ತು, ಅವುಗಳ ಅಂಚಿನ ಲೋಹವನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಮತ್ತೆ ಗಟ್ಟಿಯಾಗಿ ಕೂರಿಸಿದಳು. ರಾತ್ರಿಯಿಡೀ ನೆನಪಿನ ಪರೀಕ್ಷೆ ನಡೆಸಿದ್ದಾಯಿತು, ಅಲ್ಲಿ ದೋಷವಿರಲಿಲ್ಲ. ಮಧ್ಯಾಹ್ನದ ಮೂರ್ಛೆ ನಿಂತಿತು.

ಬೆಳಗಿನದು ನಿಲ್ಲಲಿಲ್ಲ. ನನ್ನ ಪಟ್ಟಿಯಲ್ಲಿ 'ಮನೆಯಲ್ಲಿ ಏನು ನಡೆಯುತ್ತಿತ್ತು' ಎಂಬ ಅಂಕಣದಲ್ಲಿ ಹೇಳಿಕೊಳ್ಳುವಂಥದೇನೂ ಇರಲಿಲ್ಲ. ಒಂದು ದಿನ ಮನೆಯಾಕೆ ಅದನ್ನು ನೋಡಿ, "ಮನೇಲಿ ಏನಾಯ್ತು ಅಂತ ಬರ್ದಿದೀರಿ, ಹೊಲದಲ್ಲಿ ಏನಾಯ್ತು ಅಂತ ಬರ್ದೇ ಇಲ್ವಲ್ಲ" ಎಂದಳು. ತ್ರೀಫೇಸ್ ಕರೆಂಟು ಬರುವ ಹೊತ್ತಿಗೆ ಸುತ್ತಲಿನ ಕೊಳವೆಬಾವಿಗಳ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಮೋಟಾರು ತಿರುಗುತ್ತಿರುವಾಗ ಎಳೆಯುವ ವಿದ್ಯುತ್ತಿಗಿಂತ ಹೊರಡುವ ಕ್ಷಣದಲ್ಲಿ ಎಳೆಯುವುದು ಹಲವು ಪಟ್ಟು. ಒಂದು ಕ್ಷಣ ಊರಿನ ದೀಪಗಳು ಕಣ್ಣು ಮಿಟುಕಿಸುತ್ತವೆ. ಆಗ 230 ವೋಲ್ಟು ಎಂಬುದು ಪುಸ್ತಕದ ಮಾತು. ಮಳೆ ಕಡಿಮೆಯಾದ ನಾಡಿನಲ್ಲಿ ನೆಲದಾಳದಿಂದ ನೀರೆತ್ತುವವರನ್ನು ದೂರುವ ಹಾಗಿಲ್ಲ. ಊರಿನ ನೀರು ಒಗ್ಗಲಿಲ್ಲವೆಂದು ಮನೆಯಾಕೆ ಅಂದದ್ದು ನೆನಪಾಯಿತು.

ಆದರೆ ನನ್ನ ಬಳಿ ಯು.ಪಿ.ಎಸ್. ಇತ್ತಲ್ಲ! ಇಂಥ ಗಳಿಗೆಗೆಂದೇ ಕಾವಲಿಟ್ಟ ಪೆಟ್ಟಿಗೆ. ಹಸಿರು ದೀಪ ಉರಿಯುತ್ತಲೇ ಇತ್ತು. ಯಾರನ್ನು ಶಂಕಿಸಿದರೂ ಅದನ್ನು ಶಂಕಿಸಿರಲಿಲ್ಲ. ಹುಡುಗಿ ಒಂದು ಪರೀಕ್ಷೆ ಹೇಳಿದಳು. ಇದನ್ನು ನೀವೂ ಮಾಡಿ ನೋಡಬಹುದು. ಕಂಪ್ಯೂಟರನ್ನು ಕ್ರಮವಾಗಿ ಮುಚ್ಚಿ, ಅದರ ತಂತಿ ಕಳಚಿ, ಯು.ಪಿ.ಎಸ್.ಗೆ ಒಂದು ಮೇಜಿನ ದೀಪವನ್ನು ಮಾತ್ರ ಜೋಡಿಸಬೇಕು. ದೀಪ ಉರಿಯುತ್ತಿರುವಾಗ ಗೋಡೆಯ ಸ್ವಿಚ್ಚನ್ನು ಆರಿಸಬೇಕು. ಒಳ್ಳೆಯ ಬ್ಯಾಟರಿಯಾದರೆ ದೀಪ ಉರಿಯುತ್ತಿರುತ್ತದೆ. ನಮ್ಮ ಮನೆಯಲ್ಲಿ ಸ್ವಿಚ್ಚು ಆರಿಸಿದ ಕ್ಷಣವೇ ಕತ್ತಲು. ಒಳಗಿನ ಬ್ಯಾಟರಿ ಎಂದೋ ಸತ್ತುಹೋಗಿತ್ತು. ಅಂಥ ಸೀಸದ ಬ್ಯಾಟರಿಗೆ ಕೆಲವೇ ವರ್ಷಗಳ ಆಯುಸ್ಸು, ಸೆಕೆಯ ಊರಿನಲ್ಲಿ ಇನ್ನೂ ಕಡಿಮೆ. ನಾನು ಕೊಂಡಂದಿನಿಂದ ಏಳು ವರ್ಷ ಅದನ್ನು ಮುಟ್ಟಿರಲಿಲ್ಲ. ಹೊರಗಿನ ಕರೆಂಟು ಇರುವಷ್ಟು ಹೊತ್ತು ಹಸಿರು ದೀಪ ಉರಿಯುತ್ತದೆ, ಒಳಗೆ ಜೀವವಿದ್ದರೂ ಸರಿ ಇಲ್ಲದಿದ್ದರೂ ಸರಿ. ಒತ್ತಡ ಕುಸಿದ ಕೂಡಲೇ ಆ ಪೆಟ್ಟಿಗೆ ಕರ್ತವ್ಯನಿಷ್ಠೆಯಿಂದ ಹೊರಗಿನ ಕರೆಂಟನ್ನು ಬಿಟ್ಟು ತನ್ನ ಬ್ಯಾಟರಿಯ ಕಡೆಗೆ ತಿರುಗುತ್ತಿತ್ತು, ಅಲ್ಲಿ ಏನೂ ಇಲ್ಲ, ಯಂತ್ರ ಆರುತ್ತಿತ್ತು, ಅಷ್ಟರಲ್ಲಿ ಒತ್ತಡ ಸರಿಹೋಗಿರುತ್ತಿತ್ತು, ಯಂತ್ರ ಮತ್ತೆ ಏಳುತ್ತಿತ್ತು. ಕಂಪ್ಯೂಟರಿನ ಹೊಟ್ಟೆಯಲ್ಲಿರುವ ವಿದ್ಯುತ್ ಪೂರೈಕೆಯ ಪೆಟ್ಟಿಗೆಗೆ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಹೊತ್ತು, ಹೆಚ್ಚುಕಡಿಮೆ, ಉಸಿರು ಕಟ್ಟಿ ತಾಳಿಕೊಳ್ಳುವ ಶಕ್ತಿಯಿರುತ್ತದೆಯಂತೆ. ಕಾವಲುಗಾರನೇ ಇಲ್ಲದೆ ನೇರವಾಗಿ ಗೋಡೆಗೆ ಜೋಡಿಸಿದ್ದಿದ್ದರೆ ಸಣ್ಣಪುಟ್ಟ ಕುಸಿತಗಳನ್ನು ಅದು ತಾನೇ ದಾಟುತ್ತಿತ್ತೇನೋ. ರಿಪೇರಿ ಅಂಗಡಿಯಲ್ಲಿ ಯಂತ್ರ ಆರಲಿಲ್ಲವೇಕೆಂಬುದು ಈಗ ಬೆಳಕಿನಷ್ಟು ಸ್ಪಷ್ಟ. ನಾನು ರೋಗಿಯನ್ನು ಹೊತ್ತುಕೊಂಡು ಹೋಗಿದ್ದೆ, ರೋಗವನ್ನು ಮನೆಯಲ್ಲೇ ಬಿಟ್ಟಿದ್ದೆ.

ಹೊಸ ಬ್ಯಾಟರಿ ಹಾಕಿಸಿದೆ. ಅರ್ಥಿಂಗಿನ ಗುಂಡಿಗೆ ಬೇಸಗೆಯಲ್ಲಿ ವಾರಕ್ಕೊಂದು ಕೊಡ ನೀರು ಹಾಕಬೇಕೆಂದು ಊರಿನ ವೈರ್‌ಮನ್ ಹೇಳಿದ, ಅದನ್ನೂ ಮಾಡುತ್ತಿದ್ದೇನೆ. ಬೆಳಗಿನ ಮೂರ್ಛೆಯೂ ನಿಂತಿತು. ಅಜ್ಜ ಕೂತಿದ್ದ ಆ ಮಧ್ಯಾಹ್ನ ಯಾವ ಕಾರಣದಿಂದ ಯಂತ್ರ ಆರಿತು, ಧೂಳೋ ಬ್ಯಾಟರಿಯೋ, ಎಂದು ಈಗಲೂ ಯೋಚಿಸುತ್ತೇನೆ. ಸಾಕ್ಷಿಯಿಲ್ಲ. ನನ್ನ ಪಟ್ಟಿ ಶುರುವಾದದ್ದು ಆಮೇಲೆ.

ಒಂದು ಮಾತನ್ನು ಬಿಟ್ಟೆ. ಅಜ್ಜ ಬಂದುಹೋದ ಕೆಲವೇ ದಿನಗಳಲ್ಲಿ, 2023ರ ಏಪ್ರಿಲ್ 2ರ ಭಾನುವಾರ ಬೆಳಿಗ್ಗೆ, ನಮ್ಮ ತಾಲ್ಲೂಕಿನಲ್ಲೇ, ಕುದಾಪುರದ ಕಡೆಯ ವೈಮಾನಿಕ ಪರೀಕ್ಷಾ ಬಯಲಿನಲ್ಲಿ ಇಸ್ರೋದವರು ರೆಕ್ಕೆಯುಳ್ಳ ಒಂದು ವಾಹನವನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು. ಅದು ಚಾಲಕನಿಲ್ಲದೆ, ತನ್ನೊಳಗಿನ ಗಣಕದ ಬುದ್ಧಿಯಿಂದಲೇ, ಓಡುಹಾದಿಗೆ ಬಂದು ಇಳಿಯಿತು. ಪತ್ರಿಕೆಯಲ್ಲಿ ಓದಿದಾಗ ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚು ಹೆಚ್ಚಾಯಿತೆಂದು ಒಪ್ಪಿಕೊಳ್ಳಬೇಕು. ಕುರಿ ಮೇಯುತ್ತಿದ್ದ ಕಾವಲುಗಳಿಗೆ ಬೇಲಿ ಬಿದ್ದ ಕಥೆ ಬೇರೆ, ಅದರ ಕಹಿ ನಮ್ಮ ಕಡೆಯವರಲ್ಲಿ ಇನ್ನೂ ಇದೆ. ಅಲ್ಲಿನ ಯಂತ್ರ ಆಕಾಶದಿಂದ ದಾರಿ ತಪ್ಪದೆ ಇಳಿಯಿತು, ನನ್ನ ಯಂತ್ರ ಮೇಜಿನ ಮೇಲೆ ನಲವತ್ತಮೂರು ಮಾತನ್ನು ಹೊರಲಾರದೆ ಹೋಯಿತು ಎಂಬುದು ನನ್ನ ಸಂಕಟ. ಅದನ್ನು ಹೇಳಿಕೊಂಡಾಗ ಹುಡುಗಿ ಒಂದು ಕಥೆ ಹೇಳಿದಳು. 1969ರ ಜುಲೈ 20ರಂದು ಮನುಷ್ಯ ಚಂದ್ರನ ಮೇಲೆ ಇಳಿಯುತ್ತಿದ್ದಾಗ, ಕೊನೆಯ ಕೆಲವು ನಿಮಿಷಗಳಲ್ಲಿ, ಅಪೊಲೊ ನೌಕೆಯ ಗಣಕ ಕೆಲಸದ ಭಾರ ತಾಳಲಾರದೆ 1202 ಎಂಬ ಸಂಖ್ಯೆಯ ಎಚ್ಚರಿಕೆ ಕೊಟ್ಟು ಹಲವು ಸಲ ತಾನೇ ಮರಳಿ ಆರಂಭವಾಯಿತಂತೆ. ಆದರೂ ನೌಕೆ ಇಳಿಯಿತು. ಅದಕ್ಕೆ ತಂತ್ರಾಂಶ ಬರೆದವರು, ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯದವರು, ಇಂಥ ಗಳಿಗೆ ಬಂದೀತೆಂದು ಮೊದಲೇ ಎಣಿಸಿ, ಮುಖ್ಯವಾದ ಲೆಕ್ಕಗಳು ಅಳಿಯದಂತೆ, ಎದ್ದ ಮರುಕ್ಷಣ ಬಿಟ್ಟಲ್ಲಿಂದ ಮುಂದುವರಿಯುವಂತೆ ಮಾಡಿಟ್ಟಿದ್ದರು. ಮುಖ್ಯವಲ್ಲದ ಕೆಲಸಗಳನ್ನು ಮಾತ್ರ ಅದು ಕೈಬಿಟ್ಟಿತು.

ಹಾಗಾದರೆ ತಪ್ಪು ಯಂತ್ರ ಆರಿದ್ದರಲ್ಲಿ ಅಲ್ಲ. ಧೂಳು, ಸೆಕೆ, ಸತ್ತ ಬ್ಯಾಟರಿ ಇವೆಲ್ಲ ನೆವಗಳು. ಒಂದೂವರೆ ಗಂಟೆಯ ಮಾತನ್ನು ಕರೆಂಟಿನ ಆಧಾರದ ಮೇಲೆ ಮಾತ್ರ ನಿಲ್ಲುವ ನೆನಪಿನಲ್ಲಿ ತೂಗಹಾಕಿ ಕೂತವನು ನಾನು. ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿ ನಮ್ಮ ತಾಲ್ಲೂಕಿನವರೇ. ಅಕ್ಷರ ಕಲಿಯದ ಆಕೆ ಸಾವಿರಾರು ಪದಗಳನ್ನು ಎದೆಯಲ್ಲಿಟ್ಟುಕೊಂಡು ಹಾಡುತ್ತಿದ್ದರು. ಅಂಥ ಜನರ ಊರಿನಲ್ಲಿ ಕೂತು, ಎಂಬತ್ತು ದಾಟಿದ ಅಜ್ಜನ ನೆನಪಿಗಿಂತ ನನ್ನ ಪೆಟ್ಟಿಗೆಯ ನೆನಪು ಗಟ್ಟಿಯೆಂದು ನಂಬಿದ್ದೆ.

ಈಗ ಕಡತ ತೆರೆದ ಕೂಡಲೇ, ಒಂದಕ್ಷರ ಬರೆಯುವ ಮೊದಲೇ, ಹೆಸರಿಟ್ಟು ಉಳಿಸುತ್ತೇನೆ. ಎರಡು ನಿಮಿಷಕ್ಕೊಮ್ಮೆ ತಾನೇ ಉಳಿಸಿಕೊಳ್ಳುವಂತೆ ಕಟ್ಟಳೆ ಮಾಡಿದ್ದೇನೆ. ಸಂಜೆ ಒಂದು ಪ್ರತಿ ಪೆನ್‌ಡ್ರೈವಿಗೆ, ತಿಂಗಳಿಗೊಮ್ಮೆ ಒಂದು ಪ್ರತಿ ಕಾಗದಕ್ಕೆ. ಜನರ ಬಳಿ ಹೋಗುವಾಗ ಮಾತ್ರ ಯಂತ್ರವಿಲ್ಲ, ಪೆನ್ಸಿಲು ಮತ್ತು ನೋಟ್‌ಪುಸ್ತಕ.

ಕಳೆದ ಯುಗಾದಿಯ ಹೊತ್ತಿಗೆ ಅಜ್ಜನ ಮನೆಗೆ ಹೋಗಿದ್ದೆ. ಸೊಸೆ ಹಿತ್ತಲಲ್ಲಿ ಹಾಸು ಬಿಗಿದು ಗಂಜಿ ಬಳಿಯುತ್ತಿದ್ದಳು. ಅವಳಿಂದ ಇಪ್ಪತ್ತಾರು ಮಾತುಗಳು ಸಿಕ್ಕವು. ಕೆಲವು ಅಜ್ಜ ಹೇಳಿದ್ದವೇ ಎಂದು ಕೇಳಿದಾಗ ಗುರುತು ಹತ್ತಿತು. ಕೊನೆಗೆ ಅವಳ ಕೈಯಲ್ಲಿದ್ದುದನ್ನು ತೋರಿಸಿ, "ಇದಕ್ಕೇನಂತೀರಮ್ಮಾ?" ಎಂದು ಕೇಳಿದೆ.

ಅವಳು ಅದನ್ನು ತಿರುಗಿಸಿ ನೋಡಿ, "ಮಾವ ಏನೋ ಅಂತಿದ್ರು ಮೇಷ್ಟ್ರೇ. ನಾವು ಬ್ರಶ್ ಅಂತೀವಿ" ಎಂದಳು.